ಗುಳ್ಳೆಗಳ ಸಾಕ್ಷ್ಯ: ಶ್ರವಣಾತೀತ ಧ್ವನಿಯಿಂದ ರಕ್ತಪ್ರವಾಹದ ಮಾಪನ



ವಿಜ್ಞಾನದ ಯಾವುದಾದರೊಂದು ವಿಷಯವನ್ನು, ಅದರಲ್ಲಿ ಪರಿಶ್ರಮವಿಲ್ಲದವರಿಗೂ ತಿಳಿಯುವಂತೆ, ಕನ್ನಡದಲ್ಲಿಯೇ ಹೇಳತಕ್ಕದ್ದೆಂಬುದು ಈ ಉಪನ್ಯಾಸದ ಹಿಂದಿರುವ ದತ್ತಿಯ ನಿಬಂಧನೆಯೆಂದು ಕಾರ್ಯದರ್ಶಿಗಳು ಪತ್ರ ಬರೆದಾಗ ನಾನು ಮರುಟಪಾಲಿನಲ್ಲಿಯೇ ಒಪ್ಪಿಗೆಯನ್ನು ಕಳುಹಿಸಿಬಿಟ್ಟೆ. ಆ ನಿಬಂಧನೆಯ ಭಾರವೆಷ್ಟೆಂಬುದು ಬರೆಯಲು ಕುಳಿತಮೇಲೆ ತಿಳಿಯಿತು. ನಾನು ವೈದ್ಯನಲ್ಲ, ಆಸ್ಪತ್ರೆಯ ಯಂತ್ರಗಳ ಹಿಂದೆ ಅಡಗಿರುವ ಭೌತಶಾಸ್ತ್ರವನ್ನು ಕಲಿಸುತ್ತ ಕಲಿಸುತ್ತ ಕೂದಲು ನರೆಸಿಕೊಂಡ ಅಧ್ಯಾಪಕ. ಆದಕಾರಣ ರೋಗದ ವಿಚಾರದಲ್ಲಿ ನನ್ನ ಮಾತಿಗೆ ತೂಕ ಕಡಮೆ. ಅಳತೆಯ ವಿಚಾರದಲ್ಲಿ ಮಾತ್ರ ಕೊಂಚ ಸಲಿಗೆಯನ್ನು ತೆಗೆದುಕೊಳ್ಳುತ್ತೇನೆ.

ಸ್ಕ್ಯಾನಿಂಗ್ ಎಂದೊಡನೆ ನಮ್ಮ ಜನರ ಕಣ್ಣಮುಂದೆ ಬರುವುದು ಗರ್ಭಿಣಿಯ ಚಿತ್ರ, ಮತ್ತು ಭ್ರೂಣದ ಲಿಂಗವನ್ನು ಇಲ್ಲಿ ತಿಳಿಸುವುದಿಲ್ಲವೆಂದು ಸಾರುವ ಗೋಡೆಯ ಫಲಕ. ಕಿವಿಗೆ ಕೇಳದ, ಅಂದರೆ ಶ್ರವಣಾತೀತವಾದ, ಧ್ವನಿಯನ್ನು ದೇಹದೊಳಗೆ ಕಳುಹಿಸಿ ಅದರ ಪ್ರತಿಧ್ವನಿಯಿಂದ ಚಿತ್ರ ಬರೆಯುವ ಆ ಸ್ಕ್ಯಾನಿಂಗ್ ಯಂತ್ರದಿಂದ, ಅಂಗವೊಂದರ ಮಾಂಸದೊಳಗೆ ರಕ್ತವು ಎಷ್ಟು ಹರಿಯುತ್ತಿದೆಯೆಂಬುದನ್ನು ಅಳೆಯಲು ಸಾಧ್ಯವೆ, ಸಾಧ್ಯವಾದರೆ ಆ ಅಳತೆಯನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದು ಇಂದಿನ ನನ್ನ ವಿಷಯ. ರಕ್ತಪ್ರವಾಹವನ್ನು ಅಳೆಯುವ ಪ್ರಶ್ನೆ ಹೇಗೆ ಹುಟ್ಟಿತೆಂಬುದನ್ನು ಮೊದಲು ಸಂಕ್ಷೇಪವಾಗಿ ಹೇಳಿ, ಅನಂತರ ಆ ಅಳತೆಗೆ ಸಾಧನವಾಗುವ ಗಾಳಿಗುಳ್ಳೆಯ ಸ್ವಭಾವವನ್ನು ಸ್ವಲ್ಪ ವಿಸ್ತಾರವಾಗಿ ವಿವರಿಸಿ, ಆಮೇಲೆ ಗುಳ್ಳೆಯನ್ನು ಒಡೆದು ಪ್ರವಾಹವನ್ನು ಅಳೆಯುವ ಉಪಾಯಕ್ಕೂ ಅದರ ದೋಷಗಳಿಗೂ ಬರುತ್ತೇನೆ.

ರಕ್ತವು ದೇಹದಲ್ಲಿ ಸುತ್ತುತ್ತದೆಯೆಂಬ ಸಿದ್ಧಾಂತವೇ ಒಂದು ಲೆಕ್ಕದಿಂದ ಬಲಗೊಂಡಿತೆಂಬುದನ್ನು ನಾವು ಮರೆಯಬಾರದು. ವಿಲಿಯಂ ಹಾರ್ವೆ 1628ರಲ್ಲಿ ತನ್ನ ಗ್ರಂಥವನ್ನು ಪ್ರಕಟಿಸಿದಾಗ, ಹೃದಯವು ಒಂದು ಮಿಡಿತಕ್ಕೆ ಇಷ್ಟು ರಕ್ತವನ್ನು ಹೊರದೂಡಿದರೆ ಅರ್ಧ ಗಂಟೆಯಲ್ಲಿ ಹೊರಬೀಳುವ ಮೊತ್ತವು ಇಡೀ ದೇಹದಲ್ಲಿರುವ ರಕ್ತಕ್ಕಿಂತ ಮಿಗಿಲಾಗುವುದೆಂದೂ, ತಿಂದ ಅನ್ನದಿಂದ ಅಷ್ಟು ರಕ್ತವು ಹೊಸದಾಗಿ ಹುಟ್ಟಲಾರದಾದ್ದರಿಂದ ಹೋದ ರಕ್ತವೇ ಹಿಂದಿರುಗಿ ಬರುತ್ತಿರಲೇಬೇಕೆಂದೂ ವಾದಿಸಿದನು. ಹೋಗುವ ಹಾದಿಗೂ ಬರುವ ಹಾದಿಗೂ ನಡುವಣ ಸೇತುವೆಯನ್ನು ಆತ ಕಾಣಲಿಲ್ಲ; ಕಪ್ಪೆಯ ಶ್ವಾಸಕೋಶದಲ್ಲಿ ಆ ಸೂಕ್ಷ್ಮವಾದ ಲೋಮನಾಳಗಳನ್ನು 1661ರಲ್ಲಿ ಕಂಡವನು ಇಟಲಿಯ ಮಾಲ್ಪಿಘಿ. ಇಂದಿನ ಉಪನ್ಯಾಸದ ನಿಜವಾದ ರಂಗಸ್ಥಳ ಈ ಲೋಮನಾಳಗಳೇ.

ಹೃದಯವು ನಿಮಿಷವೊಂದಕ್ಕೆ ಸುಮಾರು 5 ಲೀಟರ್ ರಕ್ತವನ್ನು ನೂಕುತ್ತದೆ. ಅದರಲ್ಲಿ ಐದರಲ್ಲೊಂದು ಪಾಲು ಮೂತ್ರಪಿಂಡಗಳಿಗೆ ಸಲ್ಲುತ್ತದೆ. ಆದರೆ ದೊಡ್ಡ ನಾಳದಲ್ಲಿ ಎಷ್ಟು ಹರಿಯಿತೆಂಬುದು ಒಂದು ಮಾತು, ಮಾಂಸಕ್ಕೆ ಎಷ್ಟು ತಲಪಿತೆಂಬುದು ಇನ್ನೊಂದು ಮಾತು. ನಮ್ಮ ನಾಲೆಗಳ ಕೆಳಗೆ ಬೇಸಾಯ ಮಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಣೆಕಟ್ಟಿನ ತೂಬಿನಲ್ಲಿ ಇಷ್ಟು ಕ್ಯೂಸೆಕ್ ನೀರು ಬಿಟ್ಟಿದೆಯೆಂದು ಪತ್ರಿಕೆಯಲ್ಲಿ ಅಚ್ಚಾಗಿರುತ್ತದೆ. ನಾಲೆಯ ಕೊನೆಯಂಚಿನ ರೈತನ ಗದ್ದೆ ಮಾತ್ರ ಬಿರುಕುಬಿಟ್ಟಿರುತ್ತದೆ. ಹೃದಯದ ಮಾಂಸಖಂಡಕ್ಕೂ, ಕಸಿ ಮಾಡಿದ ಮೂತ್ರಪಿಂಡಕ್ಕೂ ಒದಗುವ ಕಷ್ಟ ಬಹುಮಟ್ಟಿಗೆ ಈ ಜಾತಿಯದು.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ಡಾಪ್ಲರ್ ಪರೀಕ್ಷೆಯೆಂಬುದು ಊರೂರಿನಲ್ಲಿಯೂ ಇರುವಾಗ ಬೇರೆ ಉಪಾಯವೇಕೆ? ಕ್ರಿಶ್ಚಿಯನ್ ಡಾಪ್ಲರ್ 1842ರಲ್ಲಿ ಪ್ರಾಗ್ ನಗರದಲ್ಲಿ ನಕ್ಷತ್ರಗಳ ಬೆಳಕನ್ನು ಕುರಿತು ಹೇಳಿದ ತತ್ತ್ವ, ರಕ್ತಕಣಗಳಿಂದ ಮರಳಿ ಬರುವ ಧ್ವನಿಗೂ ಅನ್ವಯಿಸುತ್ತದೆ; ಕಣಗಳು ನಮ್ಮತ್ತ ಬಂದರೆ ಸ್ವರ ಏರುತ್ತದೆ, ದೂರ ಸರಿದರೆ ಇಳಿಯುತ್ತದೆ. ಕುತ್ತಿಗೆಯ ಅಪಧಮನಿಯಲ್ಲಿ ಇದರಿಂದ ವೇಗವನ್ನು ಚೆನ್ನಾಗಿ ಅರಿಯಬಹುದು. ಆದರೆ ಧ್ವನಿಯ ಕಿರಣ ನಾಳಕ್ಕೆ ನೇರ ಲಂಬವಾಗಿದ್ದರೆ ಸ್ವರಭೇದವೇ ತೋರದು. ಅದಕ್ಕಿಂತ ದೊಡ್ಡ ತೊಡಕೆಂದರೆ, ಲೋಮನಾಳದಲ್ಲಿ ರಕ್ತದ ನಡಿಗೆ ಸೆಕೆಂಡಿಗೆ ಸುಮಾರು 1 ಮಿಲಿಮೀಟರ್ ಮಾತ್ರ. ಉಸಿರಾಟದಿಂದಲೂ ಹೃದಯದ ಮಿಡಿತದಿಂದಲೂ ಸುತ್ತಣ ಮಾಂಸವೇ ಅದಕ್ಕಿಂತ ವೇಗವಾಗಿ ಅಲುಗುತ್ತಿರುತ್ತದೆ. ಮಾಂಸದ ಅಲುಗಾಟವನ್ನು ಸೋಸಿ ತೆಗೆಯಹೊರಟ ಯಂತ್ರ, ಈ ಮಂದಗಾಮಿಯಾದ ರಕ್ತವನ್ನೂ ಅದರೊಡನೆಯೇ ಚೆಲ್ಲಿಬಿಡುತ್ತದೆ.

ಈ ತೊಡಕನ್ನು ನೀಗಲು ನೆರವಾಗುವ ಗುಳ್ಳೆಯ ವಿಚಾರಕ್ಕೆ ಇನ್ನು ಬರೋಣ. ನಮ್ಮ ದಾಸರಿಗೂ ಶರಣರಿಗೂ ನೀರಮೇಲಣ ಗುಳ್ಳೆಯೆಂದರೆ ದೇಹದ ಅನಿತ್ಯತೆಯ ದೃಷ್ಟಾಂತ. ಭೌತಶಾಸ್ತ್ರಜ್ಞನಿಗೆ ಅದು ಅದಲ್ಲದೆ ಒಂದು ವಾದ್ಯವೂ ಆಗಿದೆ. ಹಳ್ಳದ ನೀರು ಕಲ್ಲುಗಳ ನಡುವೆ ಜುಳುಜುಳು ಎನ್ನುವುದೇಕೆಂಬ ಪ್ರಶ್ನೆಯನ್ನು ಗಂಭೀರವಾಗಿ ತೆಗೆದುಕೊಂಡವನು ಮಾರ್ಸೆಲ್ ಮಿನ್ನಾರ್ಟ್. ಹಾಲೆಂಡಿನ ಉಟ್ರೆಕ್ಟಿನಲ್ಲಿ ಸೂರ್ಯನ ವರ್ಣಪಟಲವನ್ನು ಅಭ್ಯಾಸ ಮಾಡುತ್ತಿದ್ದ ಈ ಖಗೋಳಜ್ಞ, 1933ರಲ್ಲಿ ಬರೆದ ಲೇಖನದಲ್ಲಿ, ನೀರು ಹಾಡುವುದಿಲ್ಲ, ನೀರಿನಲ್ಲಿ ಸಿಕ್ಕಿಕೊಂಡ ಗುಳ್ಳೆಗಳು ಹಾಡುತ್ತವೆಯೆಂದು ತೋರಿಸಿದನು. ಗುಳ್ಳೆಯೊಳಗಿನ ಗಾಳಿ ಸ್ಪ್ರಿಂಗಿನಂತೆ, ಸುತ್ತಣ ನೀರು ಅದಕ್ಕೆ ಕಟ್ಟಿದ ಭಾರದಂತೆ. ಅದುಮಿದರೆ ಹಿಗ್ಗುತ್ತದೆ, ಹಿಗ್ಗಿದರೆ ಕುಗ್ಗುತ್ತದೆ, ಹೀಗೆ ತನಗೇ ಸಹಜವಾದ ಒಂದು ಆವೃತ್ತಿಯಲ್ಲಿ ಮಿಡಿಯುತ್ತದೆ. ಗುಳ್ಳೆ ಕಿರಿದಾದಷ್ಟೂ ಸ್ವರ ಮೇಲೇರುತ್ತದೆ. ಸಾಧಾರಣ ಒತ್ತಡದ ನೀರಿನಲ್ಲಿ 1 ಮಿಲಿಮೀಟರ್ ತ್ರಿಜ್ಯದ ಗುಳ್ಳೆಯ ಸ್ವರ ಸೆಕೆಂಡಿಗೆ ಸುಮಾರು 3,300 ಆವರ್ತನೆ. ಇದು ನಮ್ಮ ಕಿವಿಗೆ ಕೇಳುವ ನಾದ.

ಈಗ ಅದೇ ಗುಳ್ಳೆಯನ್ನು ಸಾವಿರ ಪಾಲು ಕಿರಿದು ಮಾಡಿರಿ. ತ್ರಿಜ್ಯವು 1 ಮೈಕ್ರೋಮೀಟರ್ ಆಗುತ್ತದೆ, ಸ್ವರ 33 ಲಕ್ಷ ಹರ್ಟ್ಸ್‌ಗೆ, ಅಂದರೆ 3.3 ಮೆಗಾಹರ್ಟ್ಸ್‌ಗೆ ಏರುತ್ತದೆ. ಹೊಟ್ಟೆಯ ಸ್ಕ್ಯಾನಿಂಗಿಗೆ ವೈದ್ಯರು ಬಳಸುವ ಧ್ವನಿ ಸರಿಸುಮಾರು ಇದೇ! ಕೆಂಪು ರಕ್ತಕಣದ ವ್ಯಾಸ 7ರಿಂದ 8 ಮೈಕ್ರೋಮೀಟರ್ ಇರುವುದರಿಂದ, ರಕ್ತಕಣವು ನುಸುಳಬಲ್ಲ ಲೋಮನಾಳದಲ್ಲಿ ಈ ಗುಳ್ಳೆಯೂ ನುಸುಳುತ್ತದೆ. ಲೋಮನಾಳದಲ್ಲಿ ಹಾಯಬಲ್ಲ ಗುಳ್ಳೆಯೂ, ದೇಹವನ್ನು ಭೇದಿಸಿ ಚಿತ್ರ ಕೊಡಬಲ್ಲ ಧ್ವನಿಯೂ ಪರಸ್ಪರ ಅನುರಣಿಸುವಂತೆ, ಅಂದರೆ ಒಂದರ ಸ್ವರಕ್ಕೆ ಇನ್ನೊಂದು ಬಲವಾಗಿ ಮಿಡಿಯುವಂತೆ, ಒದಗಿಬಂದಿರುವುದು ಕೇವಲ ಕಾಕತಾಳೀಯ, ಯಾರೂ ಯೋಜಿಸಿದ್ದಲ್ಲ. ಭೌತಶಾಸ್ತ್ರದಲ್ಲಿ ಇಷ್ಟು ಉದಾರವಾದ ಕಾಕತಾಳೀಯಗಳನ್ನು ನಾನು ಹೆಚ್ಚಾಗಿ ಕಂಡಿಲ್ಲ.

ವೈದ್ಯರು ಗುಳ್ಳೆಯನ್ನು ಕಂಡದ್ದು ಮಾತ್ರ ಆಕಸ್ಮಿಕವಾಗಿ. 1968ರಲ್ಲಿ ಅಮೆರಿಕದ ರಾಚೆಸ್ಟರಿನಲ್ಲಿ ರೇಮಂಡ್ ಗ್ರಾಮಿಯಾಕ್ ಮತ್ತು ಪ್ರವೀಣ್ ಶಾ ಎಂಬಿಬ್ಬರು, ಹೃದಯದ ಪ್ರತಿಧ್ವನಿಯನ್ನು ದಾಖಲಿಸುತ್ತಿದ್ದಾಗ ಕೊಳವೆಯ ಮೂಲಕ ಹಸಿರು ಬಣ್ಣದ ದ್ರಾವಣವನ್ನು ಚುಚ್ಚಿದೊಡನೆ ಮಹಾಪಧಮನಿಯ ಬುಡದಲ್ಲಿ ಪ್ರತಿಧ್ವನಿಗಳ ಮೋಡವೊಂದು ಎದ್ದುದನ್ನು ವರದಿ ಮಾಡಿದರು. ಬಣ್ಣಕ್ಕೆ ಆ ಗುಣವಿರಲಿಲ್ಲ. ಚುಚ್ಚುವಾಗ ಹುಟ್ಟಿದ ಕಿರುಗುಳ್ಳೆಗಳೇ ಆ ಮೋಡವೆಂದು ಮುಂದೆ ಖಚಿತವಾಯಿತು. ಇಂದಿಗೂ ಹೃದಯದ ಗೋಡೆಯಲ್ಲಿ ರಂಧ್ರವಿದೆಯೆ ಎಂದು ನೋಡಲು ಎರಡು ಸಿರಿಂಜುಗಳ ನಡುವೆ 9 ಮಿಲಿಲೀಟರ್ ಸಲೈನನ್ನೂ 1 ಮಿಲಿಲೀಟರ್ ಗಾಳಿಯನ್ನೂ ಅತ್ತಿಂದಿತ್ತ ಇತ್ತಿಂದತ್ತ ತಳ್ಳಿ ನೊರೆ ಮಾಡಿ ಕೊಡುತ್ತಾರೆ. ಆ ಒರಟು ಗುಳ್ಳೆಗಳು ಶ್ವಾಸಕೋಶವನ್ನು ದಾಟಲಾರವು. ಹೃದಯದ ಎಡಭಾಗದಲ್ಲಿ ಅವು ಕಾಣಿಸಿಕೊಂಡರೆ ನಡುವೆ ಕಳ್ಳದಾರಿಯಿದೆಯೆಂದು ಅರ್ಥ.

ಶ್ವಾಸಕೋಶವನ್ನು ದಾಟಿ ಎಲ್ಲ ಅಂಗಗಳಿಗೂ ಹೋಗಬಲ್ಲ ಗುಳ್ಳೆಯನ್ನು ಮಾಡುವುದು ಕಷ್ಟವಾಯಿತು. ಮೈಕ್ರೋಮೀಟರ್ ಗಾತ್ರದ ಬರಿಯ ಗಾಳಿಗುಳ್ಳೆ ತನ್ನ ಮೇಲ್ಮೈ ಎಳೆತಕ್ಕೆ ತಾನೇ ನಲುಗಿ, ಸೆಕೆಂಡಿನ ಸಣ್ಣದೊಂದು ಅಂಶದಲ್ಲಿ ರಕ್ತದಲ್ಲಿ ಕರಗಿಹೋಗುತ್ತದೆ. ಎಪ್‌ಸ್ಟೈನ್ ಮತ್ತು ಪ್ಲೆಸೆಟ್ ಎಂಬವರು 1950ರಲ್ಲಿಯೇ ಇದರ ಗಣಿತವನ್ನು ಬರೆದಿಟ್ಟಿದ್ದರು. ಪರಿಹಾರ ಎರಡು ಬಗೆಯಲ್ಲಿ ಬಂದಿತು: ಗುಳ್ಳೆಗೆ ಆಲ್ಬುಮಿನ್ ಅಥವಾ ಫಾಸ್ಫೋಲಿಪಿಡ್ಡಿನ ತೆಳು ಕವಚ ತೊಡಿಸುವುದು, ಒಳಗೆ ಗಾಳಿಯ ಬದಲು ರಕ್ತದಲ್ಲಿ ಬಹಳ ನಿಧಾನವಾಗಿ ಕರಗುವ ಭಾರವಾದ ಅನಿಲವನ್ನು ತುಂಬುವುದು. 1994ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಆಲ್ಬುನೆಕ್ಸ್‌ನಲ್ಲಿ ಇದ್ದುದು ಗಾಳಿಯೇ. 1997ರ ಆಪ್ಟಿಸಾನ್, 2001ರ ಡೆಫಿನಿಟಿ ಎರಡರಲ್ಲಿಯೂ ಆಕ್ಟಾಫ್ಲೂರೋಪ್ರೊಪೇನ್. ಯೂರೋಪಿನಲ್ಲಿ 2001ರಿಂದ ಬಳಕೆಗೆ ಬಂದ ಸೋನೋವ್ಯೂನಲ್ಲಿ ಸಲ್ಫರ್ ಹೆಕ್ಸಾಫ್ಲೋರೈಡ್.

ಈ ಕೊನೆಯದನ್ನು ಸಿದ್ಧಪಡಿಸುವ ಕ್ರಮ ನೋಡತಕ್ಕದ್ದು. ಚಿಕ್ಕ ಸೀಸೆಯ ತಳದಲ್ಲಿ ಬಿಳಿಯ ಪುಡಿ. ಉಳಿದ ಜಾಗದಲ್ಲೆಲ್ಲ ಅನಿಲ. 5 ಮಿಲಿಲೀಟರ್ ಸಲೈನನ್ನು ಒಳಬಿಟ್ಟು ಇಪ್ಪತ್ತು ಸೆಕೆಂಡುಗಳ ಕಾಲ ಜೋರಾಗಿ ಕುಲುಕಿದರೆ ದ್ರವವು ಹಾಲಿನಂತೆ ಬೆಳ್ಳಗಾಗುತ್ತದೆ. ಒಂದೊಂದು ಮಿಲಿಲೀಟರಿನಲ್ಲಿಯೂ ಹತ್ತಾರು ಕೋಟಿ ಗುಳ್ಳೆಗಳು. ಆದರೂ ಅನಿಲದ ಮೊತ್ತ ಮಿಲಿಲೀಟರಿಗೆ 8 ಮೈಕ್ರೋಲೀಟರ್ ಮಾತ್ರವಾದ್ದರಿಂದ, ವಾಡಿಕೆಯ 2.4 ಮಿಲಿಲೀಟರ್ ಪ್ರಮಾಣದಲ್ಲಿ ರೋಗಿಯ ದೇಹವನ್ನು ಸೇರುವ ಅನಿಲ ಒಂದು ಮಿಲಿಲೀಟರಿನ ಐವತ್ತರಲ್ಲೊಂದು ಪಾಲನ್ನು ಮೀರದು. ರಕ್ತದೊಳಗೆ ಗಾಳಿ ಹೋದರೆ ಪ್ರಾಣಾಪಾಯವೆಂದು ಕೇಳಿ ಬಲ್ಲವರು ಈ ಅಂಕಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಕೆಲವೇ ನಿಮಿಷಗಳಲ್ಲಿ ಆ ಅನಿಲವು ಉಸಿರಿನೊಡನೆ ಹೊರಹೋಗುತ್ತದೆ. ಮೂತ್ರಪಿಂಡಕ್ಕೆ ಅದರ ಹೊರೆಯಿಲ್ಲ.

ಸಿ.ಟಿ. ಪರೀಕ್ಷೆಯಲ್ಲಿ ಕೊಡುವ ಅಯೋಡಿನ್ ದ್ರವ ನಾಳದ ಗೋಡೆಯಿಂದ ಒಸರಿ ಮಾಂಸಕ್ಕೆ ಇಳಿಯುತ್ತದೆ, ಗುಳ್ಳೆ ಹಾಗಲ್ಲ. ಅದು ನಾಳವನ್ನು ಬಿಟ್ಟು ಹೊರಗೆ ಕಾಲಿಡದು, ಕೆಂಪು ರಕ್ತಕಣದ ಜೊತೆಯಲ್ಲಿಯೇ, ಅದರ ವೇಗದಲ್ಲಿಯೇ ಪಯಣಿಸುತ್ತದೆ. ಇದಲ್ಲದೆ, ಧ್ವನಿಯ ಒತ್ತಡಕ್ಕೆ ಅದು ಹಿಗ್ಗುವುದು ಹೆಚ್ಚು, ಕುಗ್ಗುವುದು ಕಡಮೆ. ಆದುದರಿಂದ ಅದರ ಪ್ರತಿಧ್ವನಿ ಕೊಟ್ಟ ಧ್ವನಿಯ ಪಡಿಯಚ್ಚಲ್ಲ. ಮೊದಲು ಒಂದು ಸ್ಪಂದವನ್ನೂ, ಬೆನ್ನಹಿಂದೆಯೇ ಅದನ್ನು ತಲೆಕೆಳಗು ಮಾಡಿದ ಇನ್ನೊಂದನ್ನೂ ಕಳುಹಿಸಿ, ಮರಳಿದ ಎರಡನ್ನೂ ಕೂಡಿದರೆ ಮಾಂಸದ ಪ್ರತಿಧ್ವನಿ ತನ್ನನ್ನು ತಾನೇ ಅಳಿಸಿಕೊಳ್ಳುತ್ತದೆ, ಗುಳ್ಳೆಯದು ಮಾತ್ರ ಉಳಿಯುತ್ತದೆ. ಕತ್ತಲೆಯ ಪರದೆಯ ಮೇಲೆ ರಕ್ತವೊಂದೇ ಬೆಳಗುತ್ತದೆ.

ಸಭಾಸದರೆ, ಇಲ್ಲಿಯವರೆಗೆ ಹೇಳಿದ್ದು ನೋಡುವ ಮಾತು. ಅಳೆಯುವ ಮಾತು ಇನ್ನು ಮೇಲೆ. ಹರಿವಿಗೆ ಏನಾದರೂ ಬೆರಸಿ, ಅದು ಕೆಳಗಡೆ ಹೇಗೆ ತೆಳುವಾಗುತ್ತದೆಂಬುದರಿಂದ ಹರಿವನ್ನು ಲೆಕ್ಕಹಾಕುವ ಪದ್ಧತಿ ಹಳೆಯದು. ಜಾರ್ಜ್ ನೀಲ್ ಸ್ಟೂವರ್ಟ್ 1897ರಲ್ಲಿ ನಾಯಿಯ ಹೃದಯವು ಹೊರದೂಡುವ ರಕ್ತದ ಮೊತ್ತವನ್ನು ಲವಣದ್ರಾವಣದಿಂದ ಅಳೆದನು. ಅಂಗದಲ್ಲಿರುವ ರಕ್ತದ ಗಾತ್ರವನ್ನು, ಆ ರಕ್ತ ಅಂಗವನ್ನು ದಾಟಲು ತೆಗೆದುಕೊಳ್ಳುವ ಸರಾಸರಿ ಕಾಲದಿಂದ ಭಾಗಿಸಿದರೆ ಪ್ರವಾಹ ದೊರೆಯುತ್ತದೆಂಬ ಸೂತ್ರವನ್ನು ಮೀಯರ್ ಮತ್ತು ಝೀಯರ್ಲರ್ 1954ರಲ್ಲಿ ಕ್ರಮಬದ್ಧವಾಗಿ ಪ್ರತಿಪಾದಿಸಿದರು. ಗುಳ್ಳೆಯೊಂದಿಗೂ ಇದೇ ಸೂತ್ರ ನಡೆಯುತ್ತದೆ. ಆದರೆ ಲವಣಕ್ಕಿಲ್ಲದ ಒಂದು ಗುಣ ಗುಳ್ಳೆಗಿದೆ: ಅದನ್ನು ಬೇಕಾದ ಜಾಗದಲ್ಲಿ, ಬೇಕಾದ ಕ್ಷಣದಲ್ಲಿ ಒಡೆದುಹಾಕಬಹುದು.

ವರ್ಜೀನಿಯ ವಿಶ್ವವಿದ್ಯಾನಿಲಯದ ಕೆವಿನ್ ವೈ, ಸಂಜೀವ್ ಕೌಲ್ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಉಪಾಯ ಇದು. ಅಂತರಗಂಗೆ ಕಿಕ್ಕಿರಿದು ತೇಲುತ್ತಿರುವ ಕಾಲುವೆಯೊಂದನ್ನು ಭಾವಿಸಿರಿ. ನೀರು ನಿಂತಿದೆಯೊ ಹರಿಯುತ್ತಿದೆಯೊ ದಡದಿಂದ ತಿಳಿಯದು. ಎಲ್ಲೆಲ್ಲಿಯೂ ಒಂದೇ ಹಸಿರು. ಈಗ ನಾಲ್ಕು ಮಾರು ಉದ್ದದ ಜಾಗದಲ್ಲಿ ಎಲ್ಲವನ್ನೂ ಗೋರಿ ತೆಗೆದುಬಿಡಿರಿ. ತೆರವಾದ ನೀರಿನ ಮೇಲೆ ಹಸಿರು ಮತ್ತೆ ಎಷ್ಟು ಬೇಗ ಮುಚ್ಚಿಕೊಂಡು ಬರುತ್ತದೆಂಬುದು ಹರಿವಿನ ವೇಗವನ್ನು ಹೇಳುತ್ತದೆ. ಕೊನೆಗೆ ಎಷ್ಟು ಹಸಿರು ತುಂಬಿ ನಿಲ್ಲುತ್ತದೆಂಬುದು ಕಾಲುವೆಯ ಅಗಲವನ್ನು ಹೇಳುತ್ತದೆ. ಗುಳ್ಳೆಗಳನ್ನು ಒಂದೇ ಸಮನೆ ರಕ್ತಕ್ಕೆ ಹನಿಸುತ್ತ, ಮೆಲುಧ್ವನಿಯಲ್ಲಿ ಚಿತ್ರ ತೆಗೆಯುತ್ತ, ನಡುವೆ ಒಮ್ಮೆ ಬಲವಾದ ಸ್ಪಂದವನ್ನು ಕೊಟ್ಟರೆ ಧ್ವನಿ ಹಾಯುವ ತೆಳು ಪಾತಳಿಯಲ್ಲಿರುವ ಗುಳ್ಳೆಗಳೆಲ್ಲ ಒಡೆದು ಪರದೆ ಕಪ್ಪಾಗುತ್ತದೆ. ಅನಂತರ ಬೆಳಕು ಮೊದಲು ಬೇಗಬೇಗನೆಯೂ ಆಮೇಲೆ ನಿಧಾನವಾಗಿಯೂ ಏರಿ ಒಂದು ಮಟ್ಟದಲ್ಲಿ ನಿಲ್ಲುತ್ತದೆ. ಆ ಮಟ್ಟ ರಕ್ತದ ಗಾತ್ರಕ್ಕೆ, ಏರಿಕೆಯ ದರ ವೇಗಕ್ಕೆ, ಎರಡರ ಗುಣಲಬ್ಧ ಪ್ರವಾಹಕ್ಕೆ ಅನುಪಾತದಲ್ಲಿರುತ್ತದೆ.

ಅಂಕಿಗಳು ಸಹ ಹೊಂದಿಕೊಳ್ಳುತ್ತವೆ. ಧ್ವನಿಯ ಪಾತಳಿ ಸುಮಾರು 5 ಮಿಲಿಮೀಟರ್ ದಪ್ಪ; ಲೋಮನಾಳದ ರಕ್ತ ಸೆಕೆಂಡಿಗೆ 1 ಮಿಲಿಮೀಟರ್ ನಡೆಯುತ್ತದೆಯೆಂದರೆ ತೆರವಾದ ಜಾಗ ತುಂಬಲು 5 ಸೆಕೆಂಡು ಬೇಕು. ವಿಶ್ರಾಂತಿಯಲ್ಲಿರುವ ಹೃದಯದ ಮಾಂಸದಲ್ಲಿ ಬಹುಮಟ್ಟಿಗೆ ಅಷ್ಟೇ ಆಗುತ್ತದೆ. ಔಷಧದಿಂದಲೊ ವ್ಯಾಯಾಮದಿಂದಲೊ ಹೃದಯಕ್ಕೆ ಶ್ರಮ ಕೊಟ್ಟಾಗ ಎರಡು ಸೆಕೆಂಡಿನೊಳಗೆ ತುಂಬುತ್ತದೆ. ಶ್ರಮದಲ್ಲಿಯೂ ಒಂದು ಭಾಗ ಮಾತ್ರ ಕಪ್ಪಾಗಿಯೇ ಉಳಿದು ತಡವಾಗಿ ಬೆಳಗಿದರೆ, ಅತ್ತ ಹೋಗುವ ನಾಳದಲ್ಲಿ ಎಲ್ಲಿಯೋ ಅಡ್ಡಿಯಿದೆಯೆಂದು ವೈದ್ಯರು ಊಹಿಸುತ್ತಾರೆ.

ಇಷ್ಟು ಸೊಗಸಾದ ಉಪಾಯದಲ್ಲಿ ಕೊರತೆಯೇನು ಎಂಬ ಕೊನೆಯ ಭಾಗಕ್ಕೆ ಬಂದಿದ್ದೇನೆ. ನನ್ನ ಮನಸ್ಸಿಗೆ ಅತ್ಯಂತ ಸಮೀಪವಾದ ಭಾಗವೂ ಇದೇ. ಹಲವು ವರ್ಷಗಳ ಹಿಂದೆ ನಾನೂ ನನ್ನ ಇಬ್ಬರು ವಿದ್ಯಾರ್ಥಿಗಳೂ ಕೂಡಿ, ಡಯಾಲಿಸಿಸ್ಸಿನಲ್ಲಿ ಬಳಸುವ ಫಿಲ್ಟರೊಂದನ್ನು ಕೃತಕ ಅಂಗವೆಂದು ಇಟ್ಟುಕೊಂಡೆವು. ಅದರೊಳಗೆ ಕೂದಲಿನಷ್ಟು ಸಣ್ಣ ಪೊಳ್ಳು ಎಳೆಗಳು ಸಾವಿರಗಟ್ಟಲೆ ಇರುವುದರಿಂದ ಲೋಮನಾಳಗಳ ಪ್ರತಿನಿಧಿಯಾಗಿ ಚೆನ್ನಾಗಿ ಸಲ್ಲುತ್ತದೆ. ನೀರನ್ನು ಪಂಪಿನಿಂದ ಹರಿಯಬಿಟ್ಟು, ಗುಳ್ಳೆಗಳನ್ನು ಸಿರಿಂಜ್ ಪಂಪಿನಿಂದ ಬೆರಸಿ, ಐದೈದು ನಿಮಿಷಕ್ಕೊಮ್ಮೆ ಅಳೆದೆವು. ಪ್ರವಾಹವು ಅಳತೆಯಿಂದ ಅಳತೆಗೆ ಇಳಿಯುತ್ತ ಬಂದಿತು. ಪಂಪು ಕೆಟ್ಟಿತೆಂದು ಅದನ್ನು ಬಿಚ್ಚಿದೆವು, ಕೊಳವೆಗಳನ್ನು ಬದಲಾಯಿಸಿದೆವು. ಕೊನೆಗೆ ವಿದ್ಯಾರ್ಥಿಯೊಬ್ಬ ಹೊರಬೀಳುವ ನೀರನ್ನು ಅಳತೆಯ ಜಾಡಿಯಲ್ಲಿ ಹಿಡಿದು ಗಡಿಯಾರ ನೋಡಿದನು. ಹರಿವು ಎಳ್ಳಷ್ಟೂ ಕಡಮೆಯಾಗಿರಲಿಲ್ಲ. ಮಲಗಿಸಿಟ್ಟ ಸಿರಿಂಜಿನಲ್ಲಿ ಗುಳ್ಳೆಗಳು ಮೇಲಕ್ಕೆ ತೇಲಿ, ಕೆನೆಯಂತೆ ಒಂದು ಗೆರೆ ಕಟ್ಟಿಕೊಂಡು, ಬಾಯಿಯ ಬಳಿ ಬರಿಯ ಸಲೈನು ಉಳಿದಿತ್ತು. ಹಾಲನ್ನು ಇಟ್ಟಲ್ಲಿಯೇ ಬಿಟ್ಟರೆ ಕೆನೆ ಮೇಲೇರುತ್ತದೆಂಬುದು ಅಡಿಗೆಮನೆಯಲ್ಲಿ ಎಲ್ಲರಿಗೂ ಗೊತ್ತು. ನಮಗೆ ಮೂರು ದಿನ ಹಿಡಿಯಿತು. ಸಿರಿಂಜನ್ನು ಮೆಲ್ಲಗೆ ಹೊರಳಿಸುತ್ತಿರುವ ಪಂಪು ಏಕೆ ಬೇಕೆಂಬುದು ಅಂದು ಮನದಟ್ಟಾಯಿತು.

ಇದು ದೋಷಗಳಲ್ಲಿ ಒಂದು, ಉಳಿದವೂ ಕಡಮೆಯವಲ್ಲ. ಗುಳ್ಳೆಗಳು ದಟ್ಟವಾದರೆ ಮೇಲಿನವು ಧ್ವನಿಯನ್ನು ನುಂಗಿ ಕೆಳಗಿನದಕ್ಕೆ ನೆರಳು ಹಾಕುತ್ತವೆ; ಆಗ ಆಳದಲ್ಲಿ ರಕ್ತ ಧಾರಾಳವಾಗಿದ್ದರೂ ಬರಗಾಲದಂತೆ ತೋರುತ್ತದೆ. ಮೆಲುಧ್ವನಿಯೆಂದು ನಾವು ಭಾವಿಸಿದ್ದೂ ಕೆಲವು ಗುಳ್ಳೆಗಳನ್ನು ಒಡೆಯುತ್ತಿರುತ್ತದೆ. ಪರದೆಯ ಮೇಲೆ ಕಾಣುವ ಬೆಳಕು, ಕಣ್ಣಿಗೆ ಹಿತವಾಗಲೆಂದು ಯಂತ್ರವು ಲಾಗರಿತಮ್ಮಿನಲ್ಲಿ ಅದುಮಿಟ್ಟ ಬೆಳಕು. ಅದನ್ನು ಹಾಗೆಯೇ ಅಳೆದರೆ ಇಮ್ಮಡಿಯಾದ ರಕ್ತ ಇಮ್ಮಡಿಯಾಗಿ ತೋರದು. ಎಲ್ಲಕ್ಕಿಂತ ಮಿಗಿಲಾಗಿ, ಈ ಪದ್ಧತಿ ಕೊಡುವುದು ಅನುಪಾತದ ಅಂಕಿಯನ್ನೇ ಹೊರತು, ನೂರು ಗ್ರಾಂ ಮಾಂಸಕ್ಕೆ ನಿಮಿಷಕ್ಕೆ ಇಷ್ಟು ಮಿಲಿಲೀಟರ್ ಎಂಬ ಪರಿಮಾಣವನ್ನು ನೇರವಾಗಿ ಅಲ್ಲ. ಒಬ್ಬನೇ ರೋಗಿಯಲ್ಲಿ, ಒಂದೇ ಯಂತ್ರದಲ್ಲಿ, ಒಂದೇ ಹೊಂದಿಕೆಯಲ್ಲಿ ನಿನ್ನೆಯದನ್ನೂ ಇಂದಿನದನ್ನೂ ಹೋಲಿಸಿದರೆ ಅದು ಬೆಲೆಯುಳ್ಳ ಸಾಕ್ಷ್ಯ. ಎರಡು ಊರುಗಳ ಎರಡು ಯಂತ್ರಗಳ ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸುವುದು ಸೇರಿನಲ್ಲಿ ಅಳೆದದ್ದನ್ನು ಕೊಳಗದಲ್ಲಿ ಅಳೆದದ್ದರೊಡನೆ ಕೂಡಿಸಿದಂತೆ.

ಹೀಗಿರುವುದರಿಂದಲೇ ಗುಳ್ಳೆ ಇಂದು ಹೆಚ್ಚಾಗಿ ಗೆದ್ದಿರುವುದು ಅಳತೆಯಲ್ಲಲ್ಲ, ಗುರುತಿಸುವುದರಲ್ಲಿ. ಪಿತ್ತಜನಕಾಂಗದ ಗಡ್ಡೆಯೊಂದು ಅಪಧಮನಿಯ ರಕ್ತದಿಂದ ಮೊದಲೇ ಬೆಳಗಿ, ಸುತ್ತಣ ಮಾಂಸಕ್ಕಿಂತ ಮುಂಚೆ ಮಂಕಾದರೆ ವೈದ್ಯರಿಗೆ ಕ್ಯಾನ್ಸರಿನ ಸಂಶಯ ಬಲವಾಗುತ್ತದೆ. ಅಂಚಿನಿಂದ ನಡುವಿನತ್ತ ನಿಧಾನವಾಗಿ ತುಂಬಿಬಂದರೆ ಅದು ನಿರಪಾಯವಾದ ರಕ್ತನಾಳದ ಗಂಟೆಂದು ಸಮಾಧಾನವಾಗುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಪಿತ್ತಜನಕಾಂಗದ ಪರೀಕ್ಷೆಗೆ ಗುಳ್ಳೆಗಳನ್ನು ಒಪ್ಪಿದ್ದು 2016ರಲ್ಲಿ. ಅದೇ ಸಂಸ್ಥೆ, ಕೆಲವರಲ್ಲಿ ಹೃದಯ ಮತ್ತು ಶ್ವಾಸಕೋಶಗಳ ತೀವ್ರ ತೊಂದರೆ ವರದಿಯಾದುದರಿಂದ 2007ರಲ್ಲಿ ಕಠಿಣವಾದ ಎಚ್ಚರಿಕೆಯನ್ನು ಅಚ್ಚುಹಾಕಿಸಿ, ಮರುವರ್ಷ ಅದನ್ನು ಸಡಿಲಿಸಿತೆಂಬುದನ್ನೂ ಹೇಳದೆ ಬಿಡುವುದು ನ್ಯಾಯವಲ್ಲ. ತೀವ್ರವಾದ ಪ್ರತಿಕ್ರಿಯೆ ಅಪರೂಪ, ಆದರೆ ಇಲ್ಲವೆನ್ನುವಂತಿಲ್ಲ.

ಅಳತೆಗೆ ಹೊಸ ಬಾಗಿಲೊಂದು ತೆರೆದಿದೆ. ಪ್ಯಾರಿಸ್ಸಿನ ಸಂಶೋಧಕರು 2015ರಲ್ಲಿ, ಗುಳ್ಳೆಗಳ ಮೋಡವನ್ನು ನೋಡುವುದನ್ನು ಬಿಟ್ಟು, ಸೆಕೆಂಡಿಗೆ ನೂರಾರು ಚಿತ್ರಗಳನ್ನು ತೆಗೆದು ಒಂದೊಂದು ಗುಳ್ಳೆಯ ಕೇಂದ್ರವನ್ನೂ ಗುರುತಿಸಿ, ಅದರ ಹೆಜ್ಜೆಯನ್ನು ಹಿಂಬಾಲಿಸಿ, ಇಲಿಯ ಮೆದುಳಿನ ನಾಳಗಳ ನಕ್ಷೆಯನ್ನು 10 ಮೈಕ್ರೋಮೀಟರಿನಷ್ಟು ಸೂಕ್ಷ್ಮವಾಗಿ ಬರೆದರು. ಇಲ್ಲಿ ವೇಗವನ್ನು ಬೆಳಕಿನ ಏರಿಕೆಯಿಂದ ಊಹಿಸಬೇಕಾಗಿಲ್ಲ. ಗುಳ್ಳೆ ಎಲ್ಲಿಂದ ಎಲ್ಲಿಗೆ ಎಷ್ಟು ಹೊತ್ತಿನಲ್ಲಿ ಹೋಯಿತೆಂದು ನೋಡಿದರೆ ಸಾಕು. ಕಾಲುವೆಗೆ ಎಲೆ ಬಿಟ್ಟು ಅದರೊಡನೆ ದಂಡೆಯಲ್ಲಿ ಓಡುವ ಹುಡುಗರ ಲೆಕ್ಕ ಇದು. ಚಿತ್ರ ಪೂರ್ತಿಯಾಗಲು ಗುಳ್ಳೆಗಳು ಎಲ್ಲ ಓಣಿಗಳಿಗೂ ಹೋಗಿಬರುವತನಕ ಕಾಯಬೇಕು, ಅಷ್ಟು ಹೊತ್ತು ಅಂಗ ಅಲುಗಬಾರದು. ಬಡಿಯುವ ಹೃದಯದಲ್ಲಿ ಅದು ಸುಲಭವಲ್ಲ.

ಮುಗಿಸುವ ಮುನ್ನ ಇಲ್ಲಿ ನೆರೆದಿರುವ ಕಿರಿಯ ವೈದ್ಯರಲ್ಲಿಯೂ ತಂತ್ರಜ್ಞರಲ್ಲಿಯೂ ಒಂದು ಬಿನ್ನಹ. ನೀವು ಮುಂದೆ ಈ ಪರೀಕ್ಷೆಯನ್ನು ಮಾಡಿ ರಕ್ತಪ್ರವಾಹದ ಅಂಕಿಯೊಂದನ್ನು ವರದಿಯಲ್ಲಿ ಬರೆಯುವಾಗ, ಅದರ ಕೆಳಗಿನ ಸಾಲಿನಲ್ಲಿ ಗುಳ್ಳೆಯ ಹೆಸರು, ಕೊಟ್ಟ ಪ್ರಮಾಣ, ಸೀಸೆ ಕುಲುಕಿ ಎಷ್ಟು ನಿಮಿಷವಾಗಿತ್ತೆಂಬುದು, ಧ್ವನಿಯ ಬಲ, ಯಂತ್ರದ ಹೊಂದಿಕೆ, ಅಳೆದ ಆಳ ಇವಿಷ್ಟನ್ನೂ ದಯವಿಟ್ಟು ಬರೆಯಿರಿ. ಆರು ತಿಂಗಳ ಮೇಲೆ ಅದೇ ರೋಗಿ ಅದೇ ವರದಿಯನ್ನು ಹಿಡಿದುಕೊಂಡು ಬೇರೊಬ್ಬ ವೈದ್ಯರ ಮುಂದೆ ಕುಳಿತಿರುತ್ತಾನೆ.